ಐಸೆನ್‌ಹೋವರ್ ಮಂಡಿ ಮತ್ತು ಜಿಮ್ ಥಾರ್ಪ್: ಸತ್ಯಾಂಶ

ವಾಟ್ಸಾಪ್‌ನಲ್ಲಿ ಈ ಸಂದೇಶ ಆಗಾಗ ಬರುತ್ತೆ: "ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್, ಒಲಿಂಪಿಕ್ ವೀರ ಜಿಮ್ ಥಾರ್ಪ್‌ರನ್ನು ತಡೆಯಲು ಹೋಗಿ ಮಂಡಿ ಮುರಿದುಕೊಂಡರು. ಅಲ್ಲಿಗೆ ಅವರ ಆಟ ಮುಗಿಯಿತು."

ಪಂದ್ಯ ನಡೆದದ್ದು ನಿಜ. 1912ರ ನವೆಂಬರ್ 9ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ತಂಡ ಕಾರ್ಲೈಲ್ ಶಾಲೆಯ ತಂಡವನ್ನು ಎದುರಿಸಿತು. (ಇದು ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್.) ಕಾರ್ಲೈಲ್‌ನಲ್ಲಿ ಓದುತ್ತಿದ್ದವರು ಅಮೆರಿಕದ ಮೂಲನಿವಾಸಿಗಳು. ಅದೇ ಬೇಸಿಗೆಯಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 2 ಚಿನ್ನ ಗೆದ್ದಿದ್ದ ಥಾರ್ಪ್ ಅವತ್ತೂ ಕಾರ್ಲೈಲ್ ಪರ ಮಿಂಚಿದರು. ವೆಸ್ಟ್ ಪಾಯಿಂಟ್ ಪರ ಆಡುತ್ತಿದ್ದ ಐಸೆನ್‌ಹೋವರ್, ಥಾರ್ಪ್‌ರನ್ನು ತಡೆಯಲು ಹೆಣಗಾಡಿದ್ದೂ ಹೌದು. ಕೊನೆಗೆ ಕಾರ್ಲೈಲ್ 27–6ರಿಂದ ಗೆದ್ದಿತು. ಜಾಸ್ತಿ ಮಾತಾಡಬೇಕಾದದ್ದು ಈ ಗೆಲುವಿನ ಬಗ್ಗೆ ಅಲ್ವಾ? ಫಾರ್ವರ್ಡ್‌ನಲ್ಲಿ ಅದರ ಸುದ್ದಿಯೇ ಇಲ್ಲ.

ಆದರೆ ಐಸೆನ್‌ಹೋವರ್ ಮಂಡಿಗೆ ದೊಡ್ಡ ಪೆಟ್ಟು ಬಿದ್ದದ್ದು ಮರುವಾರ, ಟಫ್ಟ್ಸ್ ಕಾಲೇಜಿನ ವಿರುದ್ಧ ಆಡುವಾಗ. ಅದು ಪೂರ್ತಿ ವಾಸಿಯಾಗುವ ಮೊದಲೇ ಕುದುರೆ ಸವಾರಿಯ ಕವಾಯತು. ಕುದುರೆಯಿಂದ ನೆಲಕ್ಕೆ ಜಿಗಿದಾಗ ಅದೇ ಮಂಡಿ ಮತ್ತೆ ಕೈಕೊಟ್ಟಿತು. ಆಟ ನಿಂತದ್ದು ಇದರಿಂದ. ಆದರೂ ಅವರು ಮೈದಾನ ಬಿಡಲಿಲ್ಲ. ಕಿರಿಯರ ತಂಡಕ್ಕೆ ಕೋಚ್ ಆದರು, 1915ರಲ್ಲಿ ಪದವಿ ಪಡೆದು ಸೇನೆಗೆ ಸೇರಿದರು.