ಸತ್ಯಾಂಶ: ಸಣ್ಣ ಭಾಷೆಯಲ್ಲಿ ಪದವಿ ಓದಲು ಆಗುವುದಿಲ್ಲವೇ?

“ಲಕ್ಷ ಜನರೂ ಆಡದ ಭಾಷೆಯಲ್ಲಿ ಜಗತ್ತಿನ ಎಲ್ಲೂ ಕಾಲೇಜು ಇಲ್ಲ, ಅಂಥ ಸಂಸ್ಕೃತಿಗಳಿಗೆ ಮ್ಯೂಸಿಯಮ್ಮೇ ಗತಿ” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ನಾರ್ವೆಯ ಉತ್ತರ ಭಾಗದ ಕೌಟೊಕೆಯ್ನೊ ಊರಿನಲ್ಲಿ 1989ರಿಂದ ಉತ್ತರ ಯುರೋಪಿನ ಮೂಲನಿವಾಸಿಗಳಾದ ಸಾಮಿ ಜನರದೇ ಉನ್ನತ ಶಿಕ್ಷಣ ಸಂಸ್ಥೆ ನಡೆಯುತ್ತಿದೆ. ಅಲ್ಲಿ ಪಾಠ ನಡೆಯುವುದು ಮುಖ್ಯವಾಗಿ ಉತ್ತರ ಸಾಮಿ ಭಾಷೆಯಲ್ಲಿ. ಫಿನ್ನಿಷ್, ಎಸ್ಟೋನಿಯನ್‌ಗಳೂ ಸೇರಿರುವ ಫಿನ್ನೋ-ಉಗ್ರಿಕ್ ಭಾಷಾ ಕುಟುಂಬದ ಈ ಭಾಷೆಯನ್ನು ಆಡುವವರು ಸುಮಾರು 20,000ದಿಂದ 25,000 ಮಂದಿ ಮಾತ್ರ. ಶಿಕ್ಷಕರ ತರಬೇತಿ, ಪತ್ರಿಕೋದ್ಯಮ, ಹಿಮಸಾರಂಗ ಸಾಕಣೆ ಎಲ್ಲವೂ ಅಲ್ಲಿವೆ. ನನಗೆ ತುಂಬ ಮೆಚ್ಚುಗೆಯಾದದ್ದು ದುವೊಜಿ ವಿಭಾಗ. ಮರ, ಸಾರಂಗದ ಕೊಂಬು, ಚರ್ಮ, ಬಟ್ಟೆಗಳಲ್ಲಿ ಕೈಕೆಲಸ ಮಾಡುವ ಸಾಮಿ ಕಲೆಯನ್ನು ಇಲ್ಲಿ ಸ್ನಾತಕೋತ್ತರ ಹಂತದವರೆಗೂ ಓದಬಹುದು. ಇದೇ ನಾರ್ವೆಯ ಶಾಲೆಗಳಲ್ಲಿ ಒಂದು ಕಾಲಕ್ಕೆ ಮಕ್ಕಳು ಸಾಮಿ ಮಾತನಾಡದಂತೆ ತಡೆಯುತ್ತಿದ್ದರು ಎಂಬುದನ್ನು ನೆನೆದರೆ ಈ ಸಾಧನೆಯ ತೂಕ ಅರಿವಾಗುತ್ತದೆ.

ಎಸ್ಟೋನಿಯಾದ ವಿಲ್ಯಾಂಡಿಯಲ್ಲೂ, ಟಾರ್ಟು ವಿಶ್ವವಿದ್ಯಾಲಯದ ಸಂಸ್ಕೃತಿ ಅಕಾಡೆಮಿಯಲ್ಲಿ ಜಾನಪದ ಸಂಗೀತ, ನೇಯ್ಗೆ, ಲೋಹದ ಕೆಲಸಗಳಿಗೆ ಪದವಿ ಇದೆ. ಎಸ್ಟೋನಿಯನ್ ಆಡುವವರು ಸುಮಾರು 11 ಲಕ್ಷ, ಅಂದರೆ ಸಂದೇಶ ಹೇಳುವ ಮಿತಿಗಿಂತ ಹೆಚ್ಚು; ಆದರೂ ಜಾನಪದ ಕಲೆಗೆ ಮ್ಯೂಸಿಯಮ್ಮೊಂದೇ ಗತಿಯಲ್ಲ ಎಂಬುದಕ್ಕೆ ಇದೂ ಸಾಕ್ಷಿ.

ಸಣ್ಣ ಭಾಷೆಗಳಲ್ಲಿ ಉನ್ನತ ಶಿಕ್ಷಣ ಸಿಗುವುದು ಸುಲಭವಲ್ಲ ಎಂಬ ಮಟ್ಟಿಗೆ ಸಂದೇಶದಲ್ಲಿ ಚೂರು ಸತ್ಯವೂ ಇದೆ. ರಷ್ಯಾದ ಉಡ್ಮುರ್ತ್, ಮಾರಿ, ಕೋಮಿ ಜನರ ಭಾಷೆಗಳೂ ಫಿನ್ನೋ-ಉಗ್ರಿಕ್ ಕುಟುಂಬದವೇ, ಆಡುವವರೂ ಸಾಮಿಗಿಂತ ಹೆಚ್ಚು. ಆದರೂ ಅಲ್ಲಿ ಉನ್ನತ ಶಿಕ್ಷಣ ಬಹುಪಾಲು ರಷ್ಯನ್‌ನಲ್ಲೇ ನಡೆಯುತ್ತದೆ. ಹಾಗಾಗಿ ಜನಸಂಖ್ಯೆಯೊಂದೇ ಕಾರಣವಲ್ಲ. ಸರ್ಕಾರದ ಹಣ, ಕಾನೂನು, ಸಮುದಾಯದ ಹಟ ಇವೇ ನಿರ್ಣಾಯಕ.