ಕೇಳಿಸಿಕೊಳ್ಳಲು ಜನ ಬೇಕಾಗಿದ್ದಾರೆ, ನಿಮಿಷದ ಲೆಕ್ಕದಲ್ಲಿ

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಯಲ್ಲಿ ಈಗ ಯಾರೂ ಯಾರ ಮಾತನ್ನೂ ಕೇಳಬೇಕಾಗಿಲ್ಲ. ಮೇಜಿನ ಮೇಲೊಂದು ಮೊಬೈಲ್ ಇಟ್ಟು ರೆಕಾರ್ಡ್ ಒತ್ತಿದರೆ ಸಾಕು. ಉಳಿದವರು ಒಟ್ಟಿಗೆ ಮಾತಾಡಬಹುದು. ಕೂಗಾಡಬಹುದು. ಮಧ್ಯೆ ಎದ್ದುಹೋಗಿ ಬೋಂಡಾ ತಿಂದು ಬರಬಹುದು. ಆಮೇಲೆ ಆ ಆಡಿಯೋವನ್ನು ಟ್ರಾನ್ಸ್‌ಕ್ರಿಪ್ಷನ್ ಮಾಡುವ, ಅಂದರೆ ಕೇಳಿ ಕೇಳಿ ಬರೆದುಕೊಡುವ, ಫ್ರೀಲಾನ್ಸರ್ ಒಬ್ಬರಿಗೆ ಕಳಿಸಿದರೆ ಆಯಿತು. ಇಡೀ ಸಭೆಯನ್ನು ಕೇಳಿಸಿಕೊಳ್ಳುವ ಕರ್ಮ ಅವರದ್ದು.

ಬನ್ನೇರುಘಟ್ಟ ರಸ್ತೆಯ ನಮ್ಮ ಸಂಘವೂ ಹೀಗೆ ಮುಂದುವರಿಯಿತು. ಕಾರಣ ಟ್ಯಾಂಕರ್. ಹಿಂದಿನ ಸಭೆಯಲ್ಲಿ ನೀರಿನ ರೇಟಿಗೆ ಹೂಂ ಅಂದವರು ಯಾರು ಅಂತ ಯಾರಿಗೂ ನೆನಪಿಲ್ಲ. ಅಂದವರಿಗಂತೂ ಸುತಾರಾಂ ನೆನಪಿಲ್ಲ. ಅದಕ್ಕೇ ಈ ಸಲ ಪ್ರತಿ ಮಾತನ್ನೂ ಬರೆಸೋಣ, ದುಡ್ಡು ಸಂಘದಿಂದ ಕೊಡೋಣ ಎಂದು ಅಧ್ಯಕ್ಷರು ಸಭೆಯಲ್ಲೇ ಹೇಳಿದರು.

ಕೆಲಸಕ್ಕೆ ಸಿಕ್ಕಿದ್ದು ಚಾಮರಾಜಪೇಟೆಯ ಒಬ್ಬ ಹೆಣ್ಣುಮಗಳು. ಈ ವೃತ್ತಿಯಲ್ಲಿ ದುಡ್ಡು ಆಡಿಯೋದ ನಿಮಿಷಕ್ಕೆ, ದುಡಿದ ನಿಮಿಷಕ್ಕಲ್ಲ. ಸ್ಪಷ್ಟವಾಗಿರುವ ಒಂದು ಗಂಟೆ ಆಡಿಯೋಗೆ ಕೈ ಪಳಗಿದವರಿಗೂ ಸುಮಾರು 4 ಗಂಟೆ ಹಿಡಿಯುತ್ತದೆ. ನಮ್ಮದು ಎರಡು ಗಂಟೆಯದ್ದು. ಕ್ಲಬ್‌ಹೌಸಿನ ಎಕೋ ಬೇರೆ. ಕನ್ನಡದಲ್ಲಿ ಶುರುವಾದ ವಾಕ್ಯ ಇಂಗ್ಲಿಷಿನಲ್ಲಿ ಬೆಳೆದು, ಹಿಂದಿಯಲ್ಲಿ ರೇಗಿ, ತೆಲುಗಿನಲ್ಲಿ ಗೊಣಗಿಕೊಂಡು ಕೂರುತ್ತದೆ.

ಖಜಾಂಚಿ ಫೋನ್ ಮಾಡಿದರು. "ಎರಡೇ ಗಂಟೆ ಆಡಿಯೋ ಮೇಡಂ. ಸಂಜೆ ಕಳಿಸ್ತೀರಲ್ವಾ?"

"ಇಲ್ಲ ಸಾರ್, ನಾಲ್ಕು ದಿನ ಬೇಕು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿದ್ದಾರೆ."

"ಹಂಗಾದ್ರೆ ಇನ್ನೂ ಬೇಗ ಆಗ್ಬೇಕಲ್ವಾ? ಇಬ್ರು ಒಟ್ಟಿಗೆ ಮಾತಾಡಿದ್ರೆ ಅರ್ಧ ಟೈಮ್ ಉಳೀತಲ್ಲ."

ಖಜಾಂಚಿ ಹಗಲಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್. ಅವರ ಪ್ರಾಜೆಕ್ಟುಗಳೂ ಇದೇ ಲೆಕ್ಕದಲ್ಲಿ ನಡೆಯುತ್ತವಂತೆ.

ಅಮೆರಿಕದ ಡಾಕ್ಟರು ಫೋನಿನಲ್ಲಿ ಗೊಣಗಿದ್ದನ್ನು ರಾತ್ರಿಯೆಲ್ಲ ನಿದ್ದೆಗೆಟ್ಟು ಟೈಪ್ ಮಾಡಿದ ಊರು ಇದು. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿಸುತ್ತೇವೆ ಎಂಬ ಬೋರ್ಡುಗಳು ಒಂದು ಕಾಲಕ್ಕೆ ಎಷ್ಟಿದ್ದವು! ಸಮುದ್ರದಾಚೆಯವರ ಕೆಮ್ಮು ಸೀನು ಎಲ್ಲ ನಮಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೇಲಿನ ಫ್ಲ್ಯಾಟಿನವರು ಹೇಳಿದ್ದು ಮಾತ್ರ ಕೇಳಿಸುವುದಿಲ್ಲ.

ಅಷ್ಟರಲ್ಲಿ ಬಿ ಬ್ಲಾಕಿನ ಹುಡುಗನೊಬ್ಬ, "ಅಂಕಲ್, ಸುಮ್ನೆ ದುಡ್ಡು ದಂಡ. ಎಐ ಫ್ರೀಯಾಗಿ ಮಾಡುತ್ತೆ" ಅಂದ. ಫ್ರೀ ಅಂದ ಕೂಡಲೇ ಸಮಿತಿಯಲ್ಲಿ ಮೊದಲ ಬಾರಿ ಒಮ್ಮತ ಮೂಡಿತು. ಆತ ಹಾಕಿದ್ದು ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ಬಿಟ್ಟ, ಮಾತು ಕೇಳಿ ಬರಹ ಮಾಡುವ ವಿಸ್ಪರ್. ಜಾಣ ಯಂತ್ರವೇ, ಸಂಶಯವಿಲ್ಲ. ಆದರೆ ಯಾರೂ ಮಾತಾಡದ ಕಡೆ ಸುಮ್ಮನಿರಲು ಅದಕ್ಕೆ ಕೆಲವೊಮ್ಮೆ ಆಗುವುದಿಲ್ಲ. ತಾನೇ ಏನೋ ಒಂದು ಸೇರಿಸುತ್ತದೆ. (ಸಂಘದ ಸದಸ್ಯತ್ವಕ್ಕೆ ಬೇಕಾದ ಅರ್ಹತೆ ಇದೊಂದೇ.) ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು ನಿಂತು, "ಲಿಫ್ಟ್ ರಿಪೇರಿ ಬಿಲ್ ಎಲ್ಲಪ್ಪಾ?" ಎಂದು ಕೇಳಿದ್ದರು. ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಯಂತ್ರ ಆ ಮೌನದಲ್ಲಿ ಬರೆಯಿತು: "ವೀಡಿಯೋ ನೋಡಿದ್ದಕ್ಕೆ ಧನ್ಯವಾದಗಳು."

ಅಜ್ಜಿ ಇದನ್ನೇ ಸಮಿತಿಯ ಅಧಿಕೃತ ಉತ್ತರ ಅಂದುಕೊಂಡು ಪ್ರಿಂಟ್ ತೆಗೆಸಿ ಲಿಫ್ಟಿನೊಳಗೆ ಅಂಟಿಸಿದರು. ಕೆಲಸ ಮರುದಿನವೇ ಮತ್ತೆ ಚಾಮರಾಜಪೇಟೆಗೆ ಹೋಯಿತು.

ಆಕೆ ಕೇಳಿದ್ದು ಒಂದೇ ಪ್ರಶ್ನೆ. ಆಡಿದ್ದೆಲ್ಲ ಇದ್ದ ಹಾಗೇ ಬೇಕೋ, ಅಥವಾ 'ಆಕ್ಚುಲಿ', 'ಅಂದ್ರೆ ಏನು' ಎಲ್ಲ ತೆಗೆದು ನೀಟಾಗಿ ಬೇಕೋ? ಈ ಕೆಲಸದಲ್ಲಿ ಎರಡೂ ಪದ್ಧತಿ ಇದೆ. 'ಆಕ್ಚುಲಿ' ತೆಗೆದರೆ ಕಾರ್ಯದರ್ಶಿಯ ಭಾಷಣದಲ್ಲಿ ನಮಸ್ಕಾರ ಮಾತ್ರ ಉಳಿಯುತ್ತದೆ. ಸಮಿತಿ ಕೂತು ಯೋಚಿಸಿ ಮೂರನೇ ಪದ್ಧತಿ ಕಂಡುಹಿಡಿಯಿತು: ನಮ್ಮ ಬಣದ್ದು ನೀಟಾಗಿ ಬರಲಿ, ಆ ಬಣದ್ದು ಇದ್ದ ಹಾಗೇ ಬರಲಿ. ಅಧ್ಯಕ್ಷರಂತೂ ತಾವು ವಿಧಾನಸೌಧದಲ್ಲಿ ಸ್ಪೀಕರ್ ಕುರ್ಚಿಯಲ್ಲೇ ಕೂತಿದ್ದೇವೆ ಅಂದುಕೊಂಡು, ಫೋನಿನಲ್ಲೇ "ಆ ಮಾತನ್ನು ಕಡತದಿಂದ ತೆಗೆಯಿರಿ" ಅಂದರಂತೆ. ಅಲ್ಲಿ ಬರೆದುಕೊಳ್ಳಲು ಸಂಬಳದ ವರದಿಗಾರರಿದ್ದಾರೆ ಅನ್ನುವುದು ಅವರಿಗೆ ಹೊಳೆಯಲಿಲ್ಲ.

ಅರವತ್ತು ಪುಟ ಬಂತು. ಯಾರು ಏನು ಹೇಳಿದರು ಅನ್ನುವುದೇ ಕಷ್ಟ, ಯಾಕೆಂದರೆ ಎಲ್ಲರೂ ಎಲ್ಲರನ್ನೂ ಕರೆದಿದ್ದು 'ಸಾರ್' ಅಂತ. ಪಾಪ, ಆಕೆ 'ಮಾತಾಡಿದವರು 1', 'ಮಾತಾಡಿದವರು 2' ಎಂದು ಶುರುಮಾಡಿ, ಕೊನೆಗೆ ದಾರಿ ಕಾಣದೆ 'ಗಂಡಸು, ಕೆಮ್ಮುವವರು' ಎಂದು ಹಾಕಿದ್ದರು. ಆ ಕೆಮ್ಮುವವರು ತಾವಲ್ಲ ಎಂದು ಮೂವರು ಲಿಖಿತ ಹೇಳಿಕೆ ಕೊಟ್ಟರು. ಸಂಘವನ್ನು 1972ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ ನೋಂದಾಯಿಸಬೇಕೋ, 1960ರ ಸಂಘಗಳ ಕಾಯ್ದೆಯೇ ಸಾಕೋ ಎಂಬ ಊರಿನ ಹಳೇ ಜಗಳ ಇಪ್ಪತ್ತು ಪುಟ ನುಂಗಿತ್ತು. ಎರಡೂ ಕಡೆಯ ವಾದವನ್ನು ಪೂರ್ತಿ ಕೇಳಿದವರು ಈ ಊರಲ್ಲಿ ಆಕೆಯೊಬ್ಬರೇ ಇರಬೇಕು.

ಇನ್ನು ಬಿಲ್ಲು. ಖಜಾಂಚಿ ನಿಯಮದ ಮನುಷ್ಯ. ಖರ್ಚಿಗೆ ಸಭೆಯ ಒಪ್ಪಿಗೆ ದಾಖಲೆಯಲ್ಲಿ ಇರಬೇಕು ಅಂದರು. ಒಪ್ಪಿಗೆ ಕೊಟ್ಟಿದ್ದೇನೋ ನಿಜ. 1 ಗಂಟೆ 47ನೇ ನಿಮಿಷದಲ್ಲಿ, ಎಲ್ಲರೂ ಒಟ್ಟಿಗೆ, ಬಾಯಲ್ಲಿ ಬೋಂಡಾ ಇಟ್ಟುಕೊಂಡು. ಆಕೆ ಕೇಳಿಸದ್ದನ್ನು ಬರೆಯುವವರಲ್ಲ. ಅಲ್ಲಿ ಸಮಯ ಹಾಕಿ, ಕಸುಬಿನ ನಿಯಮದಂತೆ 'ಅಸ್ಪಷ್ಟ' ಎಂದು ಬರೆದಿದ್ದರು.

ಖಜಾಂಚಿ ಅದರ ಕೆಳಗೆ ಕೆಂಪು ಗೆರೆ ಎಳೆದು ಬಿಲ್ ವಾಪಸ್ ಕಳಿಸಿದರು.