ಸತ್ಯಾಂಶ: ತಲೆಗೆ ಪೆಟ್ಟಾದವರು ಹೊಸದನ್ನು ಕಲಿಯಲಾರರೇ?

‘ತಲೆಗೆ ಪೆಟ್ಟು ಬಿದ್ದು ನೆನಪು ಕೆಟ್ಟವರು ಆರು ತಿಂಗಳಲ್ಲಿ ಸುಧಾರಿಸದಿದ್ದರೆ ಮತ್ತೆ ಹೊಸದೇನನ್ನೂ ಕಲಿಯಲಾರರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತಿದೆ. ಇದು ತಪ್ಪು. ಮೊದಲ ತಿಂಗಳುಗಳಲ್ಲಿ ಚೇತರಿಕೆ ಹೆಚ್ಚು ವೇಗವಾಗಿರುತ್ತದೆ ಎಂಬುದಷ್ಟೇ ಅದರಲ್ಲಿರುವ ನಿಜ. ಆ ಬಳಿಕ ಬಾಗಿಲು ಮುಚ್ಚುವುದಿಲ್ಲ.

1981ರಲ್ಲಿ ಕೆನಡಾದಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೆ ಸಿಕ್ಕ, ಸಂಶೋಧನಾ ಬರಹಗಳಲ್ಲಿ ‘ಕೆ.ಸಿ.’ ಎಂದೇ ಪರಿಚಿತರಾದ ವ್ಯಕ್ತಿಗೆ ತಮ್ಮ ಬದುಕಿನ ಒಂದೇ ಒಂದು ಘಟನೆಯನ್ನೂ ನೆನೆಯಲು ಆಗುತ್ತಿರಲಿಲ್ಲ. ಆದರೂ ಅವರು ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಅಂಕಿಕ್ರಮದಲ್ಲಿ ಜೋಡಿಸುವ ಕೆಲಸ ಕಲಿತರು. ಘಟನೆಗಳ ನೆನಪು ಬೇರೆ, ಕೈಗೆ ಹತ್ತಿದ ರೂಢಿ ಬೇರೆ. ಮಿದುಳು ಇವೆರಡನ್ನೂ ಒಂದೇ ಕಡೆ ಇಡುವುದಿಲ್ಲ.

1986ರಲ್ಲಿ ಟೊರಾಂಟೊದ ಸಂಶೋಧಕರು ನೆನಪಿನ ತೊಂದರೆಯಿದ್ದವರಿಗೆ ಕಂಪ್ಯೂಟರ್ ಪದಗಳನ್ನು ಕಲಿಸಿದ್ದರು. ಪದದ ಕೆಲವು ಅಕ್ಷರಗಳನ್ನು ಸುಳಿವಾಗಿ ತೋರಿಸುವುದು, ಉತ್ತರ ಬಂದಂತೆ ಒಂದೊಂದಾಗಿ ಅಕ್ಷರ ತೆಗೆಯುವುದು. ಕಲಿಕೆ ನಿಧಾನವಾಗಿತ್ತು, ಆದರೆ ಆಯಿತು.

ಮನೆಯವರಿಗೆ ಇದರಲ್ಲಿ ಒಂದು ಕಿವಿಮಾತಿದೆ, ನನಗೆ ಇದೇ ಮುಖ್ಯ. ‘ಮಾತ್ರೆಯ ಡಬ್ಬಿ ಎಲ್ಲಿದೆ, ಊಹಿಸಿ ಹೇಳಪ್ಪ’ ಎಂದು ಪೀಡಿಸಬೇಡಿ. ನೆನಪಿನ ಶಕ್ತಿ ತೀರಾ ಕುಂದಿದವರಲ್ಲಿ ತಪ್ಪು ಊಹೆಯೇ ಗಟ್ಟಿಯಾಗಿ ಕೂತುಬಿಡಬಹುದು. ‘ಫ್ರಿಜ್ ಮೇಲಿದೆ, ತೆಗೆದುಕೋ’ ಎಂದು ಸರಿಯುತ್ತರವನ್ನೇ ಮೊದಲು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. ಡಬ್ಬಿಯ ಜಾಗ ಮಾತ್ರ ಬದಲಿಸಬೇಡಿ.